ಮತ್ತೆ ಬಂದು ಕೇಳಿದಾಗ

"ಹೋದ ವರ್ಷ ಹಾಕಿದ್ದ ಓಟು ಏನಾತಮ್ಮ? ಅಷ್ಟು ಜಲ್ದಿ ಖರ್ಚಾತೇನು?"

1999ರ ಆಗಸ್ಟ್ ತಿಂಗಳಲ್ಲಿ, ನಮ್ಮ ಮನೆಗೆ ದಿನಾ ಹೂವು ಕೊಡುತ್ತಿದ್ದ ಮುದುಕಿ ಮಲ್ಲಿಗೆ ಮೊಳ ಹಾಕುತ್ತಾ ಕೇಳಿದ ಪ್ರಶ್ನೆ ಇದು. ಬೀದಿಯಲ್ಲಿ ಪ್ರಚಾರದ ಜೀಪು ಆಗಷ್ಟೇ ಹಾದು ಹೋಗಿತ್ತು. ನಾನು ಶಾಲೆಯಲ್ಲಿ ಮಕ್ಕಳಿಗೆ ಪೌರನೀತಿ ಹೇಳಿಕೊಡುವವಳು. ಲೋಕಸಭೆಯ ಅವಧಿ, ಬಹುಮತ, ವಿಶ್ವಾಸಮತ ಎಲ್ಲ ಬಾಯಿಪಾಠ. ಆದರೆ ಆಕೆ ಕೇಳಿದ್ದಕ್ಕೆ ಆ ಪುಸ್ತಕದಲ್ಲಿ ಉತ್ತರ ಇರಲಿಲ್ಲ. "ಸರ್ಕಾರ ಬಿತ್ತಲ್ಲ, ಅದಕ್ಕೇ ಮತ್ತೆ ಹಾಕಬೇಕು" ಅಂದೆ. "ಬಿದ್ದಿದ್ದು ಅವರು, ಏಳಬೇಕಾದವರು ನಾವಾ?" ಎಂದು ಬುಟ್ಟಿ ತಲೆಗೇರಿಸಿಕೊಂಡು ಹೋದಳು.

ಬಳ್ಳಾರಿಯವರಿಗೆ ಈ ಮಾತು ಕೇಳುವ ಹಕ್ಕು ಮಿಕ್ಕವರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ಇತ್ತೆನ್ನಬೇಕು. 1996ರಲ್ಲಿ, 1998ರಲ್ಲಿ, 1999ರಲ್ಲಿ ಇಡೀ ದೇಶವೇ ಲೋಕಸಭೆಗೆ ಓಟು ಹಾಕಿತು. ನಾವು 2000ದಲ್ಲಿ ಇನ್ನೊಂದು ಸಲ ಹಾಕಿದೆವು. ಆ ಕತೆಗೆ ಆಮೇಲೆ ಬರುತ್ತೇನೆ. ಒಟ್ಟು ನಾಲ್ಕು ಸಲ ಎಡಗೈ ತೋರುಬೆರಳಿಗೆ ಮೈಸೂರಿನ ಕಾರ್ಖಾನೆಯ ಶಾಯಿ. 1998ರಲ್ಲಂತೂ ನಾನೇ ಮತಗಟ್ಟೆಯಲ್ಲಿ ಕೂತು ಆ ಶಾಯಿ ಹಚ್ಚಿದವಳು. ಕಸೂತಿ ಮಾಡಿ ಸವೆದ ಬೆರಳು, ಬೀಡಿ ಕಟ್ಟಿದ ಬೆರಳು, ಸಗಣಿಯ ವಾಸನೆ ಇನ್ನೂ ಹೋಗದ ಬೆರಳು, ಎಲ್ಲ ಹಿಡಿದು ನೋಡಿದ್ದೇನೆ. ಬೆರಳು ಕೊಡುವಾಗ ಹೆಂಗಸರು ಸ್ವಲ್ಪ ನಾಚುತ್ತಾರೆ. ಬಳೆಗಾರನಿಗೆ ಕೈ ಕೊಟ್ಟ ಹಾಗೆ. ಅಂಥವರಲ್ಲಿ ಎಷ್ಟೋ ಮಂದಿ ಅರ್ಧ ದಿನದ ಕೂಲಿ ಬಿಟ್ಟು ಬಂದವರು.

ಸರ್ಕಾರ ಬಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. 1999ರ ಏಪ್ರಿಲ್ 17, ಶನಿವಾರ. ಬೇಸಿಗೆ ರಜೆ. ಅಣ್ಣಾ ಡಿಎಂಕೆ ಬೆಂಬಲ ವಾಪಸು ತೆಗೆದುಕೊಂಡಿತ್ತು. ವಾಜಪೇಯಿಯವರು ವಿಶ್ವಾಸಮತ ಕೇಳಿದ್ದರು. ತವರಿನಲ್ಲಿ ಟಿ.ವಿ. ಮುಂದೆ ಅಪ್ಪ, ಚಿಕ್ಕಪ್ಪ, ಅಕ್ಕಪಕ್ಕದ ಮನೆಯವರು ಎಲ್ಲ ಕೂತಿದ್ದರು. ಪರವಾಗಿ 269, ವಿರುದ್ಧವಾಗಿ 270. ಒಂದೇ ಒಂದು ಓಟು! ಕ್ರಿಕೆಟ್ಟಿನ ಕೊನೆಯ ಚೆಂಡಿಗೆ ಕೂಗುವ ಹಾಗೆ ಎಲ್ಲರೂ ಕೂಗಿದರು. ಆಮೇಲೆ ಚಿಕ್ಕಪ್ಪ ನಿಟ್ಟುಸಿರುಬಿಟ್ಟು, "ಎಲ್ಲರೂ ಸ್ವಲ್ಪ ಹೊಂದಿಕೊಂಡು ಹೋಗಿದ್ದರೆ ಏನು ಕಳಕೊಳ್ಳುತ್ತಿದ್ದರು?" ಎಂದರು. ಬಾಗಿಲ ಹತ್ತಿರ ನಿಂತಿದ್ದ ನನ್ನ ತಂಗಿ ತಟ್ಟನೆ ಒಳಗೆ ಹೋದಳು.

ಅದೇ ಮಾತನ್ನು ಅದೇ ಚಿಕ್ಕಪ್ಪನ ಬಾಯಿಂದ ಅವಳು ಎರಡು ತಿಂಗಳ ಹಿಂದಷ್ಟೇ ಕೇಳಿದ್ದಳು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಒಂದು ಸೂಟ್‌ಕೇಸ್ ಹಿಡಿದು ತವರಿಗೆ ಬಂದಿದ್ದಳು. ಹಿರಿಯರು ಕೂತರು. ಯಾರೂ ಕೆಟ್ಟವರಲ್ಲ, ಅವಳ ಮೇಲೆ ಎಲ್ಲರಿಗೂ ಕರುಳಿತ್ತು. ಆದರೂ ಮಾತೆಲ್ಲ ಒಂದೇ ಕಡೆ ತಿರುಗುತ್ತಿತ್ತು: ಹೊಂದಿಕೊಂಡು ಹೋಗು. ಅಪ್ಪ ಕೊನೆಗೆ ಹೇಳಿದರು, "ಧಾರೆ ಎರೆದು ಕೊಟ್ಟಾಯ್ತಮ್ಮಾ. ದಾನ ಕೊಟ್ಟಿದ್ದನ್ನ ಯಾರಾದರೂ ವಾಪಸ್ ಕೇಳ್ತಾರೇನು?"

ಕನ್ಯಾದಾನ, ಮತದಾನ. ಆ ಬೇಸಿಗೆಯಲ್ಲಿ ಈ ಎರಡು ಪದಗಳು ನನ್ನ ತಲೆಯಲ್ಲಿ ಒಟ್ಟಿಗೇ ಕುದಿಯುತ್ತಿದ್ದವು. ಯಾವ ಪುಣ್ಯಾತ್ಮರು ಓಟಿಗೆ ದಾನ ಎಂಬ ಪದ ಹಚ್ಚಿದರೋ! ದಾನವೆಂದರೆ ಕೊಟ್ಟ ಮೇಲೆ ಮುಗಿಯಿತು. ಕೊಟ್ಟವರು ತಿರುಗಿ ನೋಡಬಾರದು, ಅದನ್ನೇನು ಮಾಡಿದಿರಿ ಎಂದು ಕೇಳಬಾರದು. ಕೇಳಿದರೆ ಪುಣ್ಯವೇ ಹೋಗುತ್ತದಂತೆ. ಹೆಣ್ಣು ಕೊಟ್ಟವರನ್ನೂ ಓಟು ಕೊಟ್ಟವರನ್ನೂ ಸುಮ್ಮನಿರಿಸಲು ಇದಕ್ಕಿಂತ ಒಳ್ಳೆಯ ಪದ ಸಿಗಲಾರದು.

ಈ 'ಸ್ಥಿರತೆ' ಎಂಬ ಪದವನ್ನೂ ಸ್ವಲ್ಪ ಕೆದಕಬೇಕು ಅನಿಸುತ್ತದೆ. ಆ ವರ್ಷ ಎಲ್ಲ ಪಕ್ಷದವರ ಭಾಷಣದಲ್ಲೂ ಅದೇ ಪದ. ಸ್ಥಿರ ಸರ್ಕಾರ ಕೊಡಿ, ಸ್ಥಿರ ಸರ್ಕಾರ ಕೊಡುತ್ತೇವೆ. ಸಂಸಾರ ಮಾಡಿದ ಹೆಂಗಸರಿಗೆ ಗೊತ್ತು, ಒಂದು ಮನೆ ಸ್ಥಿರವಾಗಿದೆ ಎಂದರೆ ಒಳಗೆ ಯಾರೋ ಒಬ್ಬರು ಬಾಯಿ ಮುಚ್ಚಿಕೊಂಡಿದ್ದಾರೆಂದೇ ಬಹಳ ಸಲ ಅರ್ಥ. ಸ್ಥಿರತೆ ಒಳ್ಳೆಯದಲ್ಲ ಎನ್ನುತ್ತಿಲ್ಲ. ಅದರ ಬೆಲೆಯನ್ನು ಯಾರ ಗಂಟಿನಿಂದ ತೆಗೆದು ಕೊಡುತ್ತಿದ್ದಾರೆ ಎಂದು ನೋಡದೆ ಅದನ್ನೊಂದು ಸದ್ಗುಣ ಮಾಡಿಬಿಡುವುದು ನನಗೆ ಒಪ್ಪಿಗೆಯಿಲ್ಲ.

ಸಂವಿಧಾನವೂ ನಾವು ತಿಳಿದುಕೊಂಡಷ್ಟು ಸ್ಥಿರತೆಯ ಪಕ್ಷಪಾತಿಯಲ್ಲ. ಅದರ 83ನೆಯ ವಿಧಿ ಲೋಕಸಭೆಗೆ ಐದು ವರ್ಷ ಎನ್ನುತ್ತದೆ ನಿಜ. ಆದರೆ ಅದಕ್ಕೂ ಮೊದಲೇ ವಿಸರ್ಜನೆಯಾಗದಿದ್ದರೆ, ಎಂಬ ಮಾತನ್ನೂ ಸೇರಿಸುತ್ತದೆ. ಅಂದರೆ ಐದು ವರ್ಷ ಎಂಬುದು ಮೇಲಿನ ಮಿತಿ. ಅದಕ್ಕಿಂತ ಹೆಚ್ಚು ಕೂರುವಂತಿಲ್ಲ ಎಂದು ಹೇಳಿತೇ ಹೊರತು, ಅಷ್ಟು ವರ್ಷ ಕೂತೇ ಕೂರುತ್ತೀರಿ ಎಂದು ಯಾರಿಗೂ ಭಾಷೆ ಕೊಡಲಿಲ್ಲ. ಮಂತ್ರಿಮಂಡಲ ಲೋಕಸಭೆಗೆ ಹೊಣೆ ಎಂದು 75ನೆಯ ವಿಧಿ ಹೇಳುತ್ತದೆ. ವಿಶ್ವಾಸ ಇರುವಷ್ಟು ದಿನ ಇರಿ, ಹೋದ ದಿನ ಎದ್ದು ಹೋಗಿ. ಆ ಲೆಕ್ಕದಲ್ಲಿ ನಡುವೆ ಚುನಾವಣೆ ಬಂದರೆ ಮಾತು ತಪ್ಪಿದಂತೇನೂ ಆಗಲಿಲ್ಲ. ಅದೇ 1999ರಲ್ಲಿ ಸರ್ಕಾರ ವಿಶ್ವಾಸ ಕಳೆದುಕೊಂಡು ಬರೀ ಹಂಗಾಮಿಯಾಗಿದ್ದಾಗಲೇ ಕಾರ್ಗಿಲ್ ಯುದ್ಧ ಬಂತು, ಮುಗಿಯಿತು. ಸರ್ಕಾರ ಬಿದ್ದರೂ ದೇಶ ಬೀಳಲಿಲ್ಲ.

ಹಾಗಾದರೆ ಹೂವಿನ ಮುದುಕಿಯ ಪ್ರಶ್ನೆ ನನ್ನನ್ನು ಯಾಕೆ ಚುಚ್ಚಿತು? ಕಾನೂನಿನಲ್ಲಿ ತಪ್ಪಿಲ್ಲದ ಕಡೆಯಲ್ಲೂ ಏನೋ ಒಂದು ತಪ್ಪು ಉಳಿದಿದೆ ಎಂದು ಅವಳಿಗೆ ಗೊತ್ತಿತ್ತು. ಅದೇನೆಂದು ಹುಡುಕಲು ಹಿಂದಿನ ಮಧ್ಯಂತರ ಚುನಾವಣೆಗಳನ್ನು ಒಂದಿಷ್ಟು ನೆನಪಿಸಿಕೊಳ್ಳಬೇಕು.

ಮೊದಲನೆಯದು 1971ರದ್ದು. 1969ರಲ್ಲಿ ಕಾಂಗ್ರೆಸ್ ಒಡೆದು ಇಂದಿರಾ ಗಾಂಧಿಯವರ ಸರ್ಕಾರ ಬೇರೆಯವರ ಬೆಂಬಲದಿಂದ ನಡೆಯುತ್ತಿತ್ತು. 1970ರ ಡಿಸೆಂಬರ್ 27ರಂದು, ಇನ್ನೂ ಒಂದು ವರ್ಷಕ್ಕೂ ಹೆಚ್ಚು ಅವಧಿ ಇರುವಾಗಲೇ, ಲೋಕಸಭೆ ವಿಸರ್ಜನೆಯಾಯಿತು. ತನ್ನ ಕಾರ್ಯಕ್ರಮಗಳಿಗೆ ಹೊಸ ಜನಾದೇಶ ಬೇಕು ಎಂದು ಅವರು ಕಾರಣ ಹೇಳಿದರು. 352 ಸ್ಥಾನ ಗೆದ್ದರು. ಕಾರಣ ಹೇಳಿ ಕೇಳಿದರು ಎಂಬುದನ್ನು ಮೆಚ್ಚೋಣ. ಆದರೆ ಹಾಗೆ ಅವಸರದಲ್ಲಿ ಬಂದ ಲೋಕಸಭೆ ಹೊರಡುವ ವೇಳೆಗೆ ಏನಾಯಿತು ನೋಡಿ. ತುರ್ತು ಪರಿಸ್ಥಿತಿ ಬಂತು, ಅವಧಿಯನ್ನು ಮುಂದಕ್ಕೆ ಹಾಕಲಾಯಿತು. 1976ರಲ್ಲಿ ಮುಗಿಯಬೇಕಾದದ್ದು 1977ರ ಜನವರಿವರೆಗೆ ಕೂತಿತು. ಸಂವಿಧಾನಕ್ಕೆ 42ನೆಯ ತಿದ್ದುಪಡಿ ತಂದು ಐದು ವರ್ಷವನ್ನು ಆರು ಮಾಡಿದರು; ಮುಂದೆ 44ನೆಯ ತಿದ್ದುಪಡಿ ಮತ್ತೆ ಐದಕ್ಕಿಳಿಸಿತು. ಮೇಲಿಂದ ಮೇಲೆ ಚುನಾವಣೆ ಬಂತೆಂದು ಗೊಣಗುವಾಗೆಲ್ಲ ನಾನು ಆ ಹತ್ತು ತಿಂಗಳನ್ನು ನೆನೆಯುತ್ತೇನೆ. ಬಂದು ಬಂದು ಕೇಳುವ ನೆಂಟರು ತಲೆನೋವೇ ಸರಿ. ಕೇಳುವುದನ್ನೇ ಬಿಟ್ಟ ಯಜಮಾನರು ಅದಕ್ಕಿಂತ ದೊಡ್ಡ ನೋವು.

ಆಮೇಲಿನವು ಬೇರೆ ಥರ. ಚರಣ್ ಸಿಂಗರು 1979ರ ಜುಲೈನಲ್ಲಿ ಪ್ರಧಾನಿಯಾಗಿ, ಬೆಂಬಲ ಕೊಟ್ಟವರು ಹಿಂದೆಗೆದಾಗ, ಒಂದು ದಿನವೂ ಪ್ರಧಾನಿಯಾಗಿ ಲೋಕಸಭೆ ಎದುರಿಸದೆ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು, 1980ರಲ್ಲಿ ಚುನಾವಣೆ. 1991ರ ಮಾರ್ಚ್‌ನಲ್ಲಿ ಚಂದ್ರಶೇಖರರ ಸರ್ಕಾರ ಹೋದದ್ದಕ್ಕೆ ಹೊರಗೆ ಹೇಳಿದ ಕಾರಣ, ರಾಜೀವ್ ಗಾಂಧಿಯವರ ಮನೆಯ ಹೊರಗೆ ಹರಿಯಾಣದ ಇಬ್ಬರು ಪೊಲೀಸ್ ಪೇದೆಗಳು ಕಣ್ಣಿಟ್ಟು ನಿಂತಿದ್ದರು ಎಂಬುದು. ಇಬ್ಬರು ಪೇದೆಗಳಿಗಾಗಿ ಒಂದು ದೇಶದ ಚುನಾವಣೆ! ಆ ಚುನಾವಣೆಯ ಪ್ರಚಾರದಲ್ಲೇ ರಾಜೀವರು ಹತರಾದರು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇನ್ನು 2004ರಲ್ಲಿ ಯಾರೂ ಬೆಂಬಲ ಕಿತ್ತುಕೊಂಡಿರಲಿಲ್ಲ. ಕಾಲ ಚೆನ್ನಾಗಿದೆ, ಈಗಲೇ ಕೇಳಿಬಿಡೋಣ ಎಂದು ಅವಧಿಗೆ ತಿಂಗಳುಗಟ್ಟಲೆ ಮುಂಚೆ ಕೇಳಿದರು. ಜನ ಇಲ್ಲವೆಂದರು.

ಇವೆಲ್ಲದರ ನಡುವೆ ನನಗೆ ಬೇರೆಯಾಗಿ ಕಾಣುವುದು ನಮ್ಮ ರಾಜ್ಯದ್ದೇ ಒಂದು ಸಂಗತಿ. ಅದು ಲೋಕಸಭೆಯದಲ್ಲ, ವಿಧಾನಸಭೆಯದು, ಆದರೂ ಹೇಳಲೇಬೇಕು. 1984ರ ಡಿಸೆಂಬರ್ ಕೊನೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 24, ಜನತಾ ಪಕ್ಷಕ್ಕೆ ನಾಲ್ಕೇ ನಾಲ್ಕು. ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರನ್ನು ಯಾರೂ ಇಳಿಯಿರಿ ಎಂದಿರಲಿಲ್ಲ. ಕಾನೂನಂತೂ ಕೇಳುವುದೇ ಇಲ್ಲ. ಆದರೆ ಜನ ಈ ರೀತಿ ತಿರಸ್ಕರಿಸಿದ ಮೇಲೆ ಆಳುವ ನೈತಿಕ ಹಕ್ಕು ತಮಗೆ ಉಳಿದಿಲ್ಲ ಎಂದು ಅವರು ವಿಧಾನಸಭೆ ವಿಸರ್ಜಿಸುವಂತೆ ಹೇಳಿ ಮತ್ತೆ ಜನರ ಮುಂದೆ ಬಂದರು. 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮೂರು ತಿಂಗಳಲ್ಲಿ ಜನ ಬದಲಾದರೆಂದು ಆಗ ಕೆಲವರು ನಕ್ಕರು. ನನಗೆ ಹಾಗನ್ನಿಸುವುದಿಲ್ಲ. ದಿಲ್ಲಿಗೆ ಯಾರು ಎಂದು ಕೇಳಿದಾಗ ಒಂದು ಉತ್ತರ ಕೊಟ್ಟರು, ಬೆಂಗಳೂರಿಗೆ ಯಾರು ಎಂದು ಕೇಳಿದಾಗ ಇನ್ನೊಂದು ಕೊಟ್ಟರು. ಅದರಲ್ಲಿ ಹೆಗಡೆಯವರ ಜಾಣತನವೂ ಇತ್ತು, ಅವರದು ಪರರ ಬೆಂಬಲದ ಸರ್ಕಾರವಾಗಿತ್ತು ಎನ್ನುವವರಿದ್ದಾರೆ. ಇರಬಹುದು. ಬರೀ ಒಳ್ಳೆಯತನಕ್ಕೇ ಯಾರೂ ಏನನ್ನೂ ಮಾಡುವುದಿಲ್ಲ, ನಮ್ಮ ನಮ್ಮ ಮನೆಗಳಲ್ಲೂ ಮಾಡುವುದಿಲ್ಲ. ಆದರೆ ಅವರು ಬಂದು, ಯಾಕೆ ಬಂದೆ ಎಂದು ಹೇಳಿ, ಆಮೇಲೆ ಕೈ ಚಾಚಿದರು.

ಈಗ ಆ ಒಂದು ಓಟಿಗೆ ವಾಪಸ್ ಬರೋಣ. ಅವತ್ತು ಲೋಕಸಭೆಯಲ್ಲಿ ಇಬ್ಬರ ಓಟಿನ ಬಗ್ಗೆ ಬಹಳ ಮಾತಾಯಿತು. ಒರಿಸ್ಸಾದ ಮುಖ್ಯಮಂತ್ರಿಯಾಗಿ ಆಗಲೇ ಎರಡು ತಿಂಗಳಾಗಿದ್ದ ಕಾಂಗ್ರೆಸ್ಸಿನ ಗಿರಿಧರ್ ಗಮಾಂಗ್ ತಮ್ಮ ಲೋಕಸಭಾ ಸ್ಥಾನವನ್ನು ಬಿಟ್ಟಿರಲಿಲ್ಲ. ಬಂದು ಓಟು ಹಾಕಿದರು. ಹಾಕಬಹುದೇ ಎಂಬ ಪ್ರಶ್ನೆ ಎದ್ದಾಗ ಸ್ಪೀಕರ್ ಬಾಲಯೋಗಿಯವರು ಅದನ್ನು ಅವರ ಆತ್ಮಸಾಕ್ಷಿಗೇ ಬಿಟ್ಟರು. ಇನ್ನೊಬ್ಬರು ಕಾಶ್ಮೀರದ ಸೈಫುದ್ದೀನ್ ಸೋಜ್. ಅವರ ನ್ಯಾಷನಲ್ ಕಾನ್ಫರೆನ್ಸ್ ಸರ್ಕಾರದ ಪರ ಇತ್ತು, ಅವರು ವಿರುದ್ಧ ಹಾಕಿದರು, ಪಕ್ಷದಿಂದ ಹೊರಗೆ ಹಾಕಿಸಿಕೊಂಡರು. ಇಬ್ಬರ ಓಟಿನಲ್ಲಿ ಯಾವುದು ಬೇರೆಯಾಗಿದ್ದರೂ ಸರ್ಕಾರ ಆ ದಿನ ಬೀಳುತ್ತಿರಲಿಲ್ಲ.

ಆತ್ಮಸಾಕ್ಷಿ ದೊಡ್ಡ ಮಾತು. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ನನ್ನ ಓಟನ್ನು ನಾನು ಆತ್ಮಸಾಕ್ಷಿಯಂತೆ ಹಾಕುತ್ತೇನೆ ಎಂದರೆ ಅದು ಸುಲಭ, ಅದು ನನ್ನದು. (ಅದೂ ಎಷ್ಟು ಹೆಂಗಸರಿಗೆ ಸುಲಭವೋ! "ಮನೆಯವರು ಹೇಳಿದ ಕಡೆ" ಎನ್ನುವ ಎಷ್ಟು ಮಂದಿಗೆ ಶಾಯಿ ಹಚ್ಚಿಲ್ಲ ನಾನು.) ಆದರೆ ಲೋಕಸಭೆಯಲ್ಲಿ ಕೂತವರ ಓಟು ಪೂರ್ತಿ ಅವರದ್ದೇ? ಅದರ ಹಿಂದೆ ಲಕ್ಷಾಂತರ ಬೆರಳುಗಳಿವೆ. ಹಾಗೆಂದು ಪಕ್ಷ ಹೇಳಿದ ಕಡೆ ಕೈ ಎತ್ತುವುದೇ ನಿಷ್ಠೆಯೆಂದರೆ, ಮನುಷ್ಯರನ್ನು ಯಾಕೆ ಕಳಿಸಬೇಕು, ಮೊಹರು ಕಳಿಸಿದರೆ ಸಾಲದೇ?

ನನಗೆ ಇದು ಅರ್ಥವಾಗುವುದು ಎರವಲು ಒಡವೆಯ ಲೆಕ್ಕದಲ್ಲಿ. ನಮ್ಮ ಕಡೆ ಮದುವೆ ಮುಂಜಿಗೆ ಹೊರಟಾಗ ಪಕ್ಕದ ಮನೆಯವರ ಸರ ಕೇಳಿ ಹಾಕಿಕೊಳ್ಳುವುದು ವಾಡಿಕೆ. ಹಾಕಿಕೊಂಡವಳು ಊಟಕ್ಕೆ ಕೂತರೂ ಒಂದು ಕೈ ಕುತ್ತಿಗೆಯ ಮೇಲೆಯೇ ಇರುತ್ತದೆ. ತನ್ನ ಸರವಾದರೆ ಮಾರುತ್ತಾಳೋ ಅಡವಿಡುತ್ತಾಳೋ ಅವಳಿಷ್ಟ. ಎರವಲು ತಂದಿದ್ದನ್ನು ಹಾಗೆ ಮಾಡುವಂತಿಲ್ಲ. ಮಾಡಲೇಬೇಕಾದ ಕಷ್ಟ ಬಂದರೆ, ಮೊದಲು ಹೋಗಿ ಕೊಟ್ಟವಳ ಮುಂದೆ ನಿಂತು ಹೇಳಬೇಕು, "ಅಕ್ಕಾ, ಹೀಗಾಯ್ತು." ಹೇಳಿದರೆ ಬಹಳ ಸಲ ಕೊಟ್ಟವಳು ಕ್ಷಮಿಸುತ್ತಾಳೆ. ಹೇಳದೆ, ಮುಂದಿನ ವರ್ಷ ಮತ್ತೆ ಬಾಗಿಲಿಗೆ ಬಂದು, "ಅಕ್ಕಾ, ಇನ್ನೊಂದು ಸರ ಇದ್ದರೆ ಕೊಡಿ" ಎಂದರೆ?

ಹೂವಿನ ಮುದುಕಿ ಕೇಳಿದ್ದು ಇದನ್ನೇ. ಮತ್ತೆ ಕೇಳಲು ಬಂದದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಹಳೆಯದರ ಲೆಕ್ಕ ಯಾರೂ ಒಪ್ಪಿಸಲಿಲ್ಲ ಎಂಬುದಕ್ಕೆ ಇತ್ತು. ನನ್ನ ತಂಗಿಯ ವಿಷಯದಲ್ಲೂ ನಾನು ಕಂಡ ವ್ಯತ್ಯಾಸ ಅದೇ. ಅವಳು ಅಪ್ಪನ ಎದುರು ಕೂತು, ಮದುವೆಯಾದ ದಿನದಿಂದ ಸೂಟ್‌ಕೇಸ್ ತುಂಬಿದ ದಿನದವರೆಗಿನದನ್ನು ಒಂದೊಂದಾಗಿ ಹೇಳಿದಳು. ಅಳಲಿಲ್ಲ. ಕೇಳುತ್ತಾ ಕೇಳುತ್ತಾ ಅಮ್ಮ ಮಾತ್ರ ಅತ್ತಳು, ಆಮೇಲೆ, "ದಾನ ಕೊಟ್ಟವರು ನೀವು. ನಾನು ಕೊಟ್ಟಿಲ್ಲ, ಕಳಿಸಿದ್ದೆ" ಎಂದು ಅಪ್ಪನಿಗೆ ಹೇಳಿದಳು. ನಮ್ಮಮ್ಮ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಂಗಿ ತವರಲ್ಲೇ ಉಳಿದಳು, ಬಿ.ಎಡ್. ಮುಗಿಸಿದಳು. ಸಂಸಾರ ಬೇರೆ, ಸರ್ಕಾರ ಬೇರೆ, ಒಪ್ಪುತ್ತೇನೆ. ಅವಳು ಹೊರಬಂದದ್ದರ ಬೆಲೆ ಅವಳೇ ತೆತ್ತಳು. ದಿಲ್ಲಿಯವರು ಹೊರಬಂದರೆ ಬೆಲೆ ತೆರುವವರು ಬೇರೆಯವರು. ಅದಕ್ಕೇ ಅವರ ಮೇಲೆ ಹೇಳುವ ಹೊಣೆ ಇನ್ನೂ ಹೆಚ್ಚು.

ಇನ್ನು ನಮ್ಮೂರಿನ ಕತೆ. ಆ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯನ್ನು ಇಡೀ ದೇಶ ನೋಡಿತು. ಒಂದು ಕಡೆ ಸೋನಿಯಾ ಗಾಂಧಿ, ಇನ್ನೊಂದು ಕಡೆ ಸುಷ್ಮಾ ಸ್ವರಾಜ್. ಇಬ್ಬರು ಹೆಂಗಸರು! ನಮ್ಮ ಓಣಿಯಲ್ಲಿ ಎಂದೂ ರಾಜಕೀಯ ಆಡದವರೂ ಸೀರೆಯ ಅಂಚಿನಿಂದ ಹಿಡಿದು ಹಣೆಯ ಕುಂಕುಮದವರೆಗೆ ಚರ್ಚೆ ಮಾಡಿದರು. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದು ಎಲ್ಲರಿಗೂ ಹಿಡಿಸಿತ್ತು. ಸೋತ ಮೇಲೂ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಸೋನಿಯಾ ಅವರಿಗೆ 4,14,650 ಓಟು ಬಿದ್ದವು, 56,100ರ ಅಂತರದಲ್ಲಿ ಗೆದ್ದರು. ಅಮೇಥಿಯಲ್ಲೂ ಗೆದ್ದಿದ್ದರು. ಎರಡರಲ್ಲಿ ಒಂದನ್ನು ಬಿಡಬೇಕು, ಬಳ್ಳಾರಿಯನ್ನು ಬಿಟ್ಟರು. ಕಾನೂನಿನಲ್ಲಿ ಅದಕ್ಕೆ ಜಾಗವಿದೆ, ಅವರೊಬ್ಬರೇ ಮಾಡಿದ್ದೂ ಅಲ್ಲ. 1980ರಲ್ಲಿ ಇಂದಿರಾ ಗಾಂಧಿ, 1991ರಲ್ಲಿ ವಾಜಪೇಯಿ ಎರಡೆರಡು ಕಡೆ ನಿಂತು ಗೆದ್ದು ಒಂದನ್ನು ಬಿಟ್ಟವರೇ. ಆದರೂ ಸರವನ್ನು ಕೇಳಿ ಪಡೆದು, ಒಂದು ಸಲವೂ ಕೊರಳಿಗೆ ಹಾಕದೆ ವಾಪಸ್ ಕಳಿಸಿದಂತಾಯಿತು. 2000ದಲ್ಲಿ ನಮಗೆ ಉಪಚುನಾವಣೆ.

ನಮ್ಮ ಅತ್ತೆ 1952ರಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಅವರು ಮೊದಲ ಓಟು ಹಾಕಿದಾಗ ಬಳ್ಳಾರಿ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್‌ನಲ್ಲಿ. ರಾಜ್ಯವೇ ಬದಲಾದರೂ ಅವರ ಪದ್ಧತಿ ಬದಲಾಗಿರಲಿಲ್ಲ: ತಲೆಸ್ನಾನ, ಮಡಿಸಿಟ್ಟ ಇಳಕಲ್ ಸೀರೆ, ಬೆಳಿಗ್ಗೆ ಎಂಟರೊಳಗೆ ಸಾಲಿನಲ್ಲಿ. 2000ದ ಆ ದಿನ ಮಾತ್ರ ಅವರು ಏಳಲಿಲ್ಲ. "ನೀನು ಹೋಗಿ ಬಾ. ಹೋದ ಸಲದ್ದು ಯಾಕೆ ಬ್ಯಾಡಾತು ಅಂತ ಯಾರೂ ಬಂದು ಹೇಳಿಲ್ಲ. ಹೇಳಿದ ಮ್ಯಾಲೆ ನೋಡೋಣು." ನಾನು ವಾದ ಮಾಡಿದೆ. ನೀವು ಹಾಕದಿದ್ದರೆ ಬಿಟ್ಟು ಹೋದವರಿಗೇನೂ ನಷ್ಟವಿಲ್ಲ, ಈಗ ನಿಂತವರು ಬೇರೆ, ಅವರೇನು ಮಾಡಿಯಾರು, ನಿಮ್ಮ ಮುನಿಸು ಯಾರಿಗೂ ಕೇಳಿಸುವುದಿಲ್ಲ. "ಕೇಳಿಸದಿದ್ರ ಬಿಡಲಿ, ನನಗ ಕೇಳಿಸ್ತದಲ್ಲ" ಎಂದರು. ನಾನೊಬ್ಬಳೇ ಹೋಗಿ ಹಾಕಿ ಬಂದೆ. ಅವರು ಮಾಡಿದ್ದು ಸರಿಯೆಂದು ನಾನು ಇವತ್ತೂ ಒಪ್ಪುವುದಿಲ್ಲ. ಬಾಯಿ ತೆರೆದು ಕೇಳುವ ಒಂದೇ ದಿನವನ್ನು ಬಿಟ್ಟುಕೊಟ್ಟರೆ ಲೆಕ್ಕ ಕೇಳುವವರೇ ಇಲ್ಲವಾಗುತ್ತಾರೆ. ಆದರೆ ಅದು ಸೋಮಾರಿತನವಾಗಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಮುಂದಿನ ಚುನಾವಣೆ 2004ರಲ್ಲಿ ಬಂದಾಗ ಅವರು ಇರಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ, 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡನೆಯಾದ ಒಂದು ಮಸೂದೆ. ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ನಡೆಯಬೇಕು ಎಂಬುದು ಅದರ ಉದ್ದೇಶ. ಅದರಲ್ಲಿ ಒಂದು ಅಂಶ ನನ್ನ ಕಣ್ಣಿಗೆ ಬಿತ್ತು: ಸದನ ನಡುವೆ ವಿಸರ್ಜನೆಯಾದರೆ ಹೊಸ ಚುನಾವಣೆ ಆಗುತ್ತದೆ, ಆದರೆ ಗೆದ್ದು ಬಂದವರು ಕೂರುವುದು ಹಳೆಯ ಸದನದ ಉಳಿದ ಅವಧಿಗೆ ಮಾತ್ರ. ಮೂರು ವರ್ಷಕ್ಕೆ ಬಿದ್ದರೆ ಮುಂದಿನವರಿಗೆ ಎರಡು ವರ್ಷ. ಖರ್ಚು ಉಳಿಯುತ್ತದೆ, ಬೀಳಿಸುವವರು ಹೆದರುತ್ತಾರೆ ಎನ್ನುತ್ತಾರೆ. ಇರಬಹುದು. ಖರ್ಚಿನ ಚಿಂತೆ ಸಂಸಾರಸ್ಥರಿಗೆ ಅರ್ಥವಾಗದ್ದೇನಲ್ಲ. ಆದರೆ ಎರಡು ವರ್ಷಕ್ಕೆಂದು ಕೇಳಲು ಬಂದವರು ಏನು ಹೇಳಿ ಕೇಳುತ್ತಾರೆ, ನಾವು ಏನೆಂದು ತಿಳಿದು ಕೊಡುತ್ತೇವೆ? ಅರ್ಧ ದಿನದ ಕೂಲಿ ಬಿಟ್ಟು ಬರುವವಳು ಐದು ವರ್ಷಕ್ಕಾದರೂ ಅಷ್ಟೇ ಕೂಲಿ ಬಿಡುತ್ತಾಳೆ, ಎರಡು ವರ್ಷಕ್ಕಾದರೂ ಅಷ್ಟೇ. ಬೀಳಿಸಿದವರು ಅವಳ ಮುಂದೆ ಬಂದು ಯಾಕೆ ಬೀಳಿಸಿದೆವು ಎಂದು ಹೇಳಬೇಕೆಂಬ ಮಾತನ್ನು ಯಾವ ಮಸೂದೆಯಲ್ಲಿ ಹೇಗೆ ಬರೆಯುತ್ತಾರೋ ನನಗೆ ತಿಳಿಯದು. ಸದ್ಯಕ್ಕೆ, ಯಾರೇ ಬಾಗಿಲಿಗೆ ಕರಪತ್ರ ಹಿಡಿದು ಬಂದರೂ ನಾನು ಅವರನ್ನು ಕೂರಿಸಿ, ನೀರು ಕೊಟ್ಟು, ಹೋದ ಸಲದ್ದನ್ನು ಮೊದಲು ಕೇಳುತ್ತೇನೆ. ಹೆಚ್ಚಿನವರು ನೀರು ಕುಡಿದು ಪಕ್ಕದ ಮನೆಗೆ ಹೋಗುತ್ತಾರೆ.